ಎಷ್ಟು ದೂರ ಹೋಯ್ತು?

ಬೆಳಗಿನ ಐದೂಮುಕ್ಕಾಲಕ್ಕೆ ಪಟ್ಟಿನಪಾಕ್ಕಂ ಕಡಲ ದಂಡೆಯಲ್ಲಿ ಮರಳು ಎರಡು ಥರ ಇರುತ್ತದೆ. ಅಲೆ ಮುಟ್ಟದ ಕಡೆ ಕಾಲು ಹೂತುಹೋಗುವ ಸಡಿಲ ಮರಳು; ಅಲೆ ಬಂದು ಸರಿದುಹೋದ ಕಡೆ ಸಾರಿಸಿದ ನೆಲದ ಹಾಗೆ ಗಟ್ಟಿ ಮರಳು. ಮೈಲಾಪೂರದ ನಮ್ಮ ಮನೆಯಿಂದ ಸ್ಯಾಂಥೋಮ್ ರಸ್ತೆ ದಾಟಿ ಇಲ್ಲಿಗೆ ನಡೆದು ಬರಲು ಇಪ್ಪತ್ತು ನಿಮಿಷ. ಓದಲೆಂದು ಮದ್ರಾಸಿಗೆ ಬಂದು ನಮ್ಮಲ್ಲೇ ಉಳಿದಿರುವ ಅಕ್ಕನ ಮಗ ವಾರಕ್ಕೆ ಮೂರು ದಿನ ಈ ಗಟ್ಟಿ ಮರಳಿನ ಮೇಲೆ ನಿಂತು ಉತ್ತರಕ್ಕೆ, ಲೈಟ್‌ಹೌಸ್ ಕಡೆ ಮುಖ ಮಾಡಿ ಡಿಸ್ಕ್ ಎಸೆಯುತ್ತಾನೆ. ಡಿಸ್ಕ್ ಬಿದ್ದ ಜಾಗದಲ್ಲಿ ಉಗುರು ಒತ್ತಿದ ಹಾಗೆ ಒಂದು ಬಾಗಿದ ಗೀರು ಮೂಡುತ್ತದೆ. ಮುಂದಿನ ದೊಡ್ಡ ಅಲೆ ಬರುವವರೆಗೆ ಆ ಗೀರೇ ಎಸೆತದ ಸಾಕ್ಷಿ.

ಒಂದು ದಿನ ಒಂದು ಎಸೆತ ನಿಜಕ್ಕೂ ಚೆನ್ನಾಗಿ ಬಂತು. ಕೈಬಿಟ್ಟ ಡಿಸ್ಕ್ ಮೊದಲು ಬಲಕ್ಕೆ ಸ್ವಲ್ಪ ವಾಲಿ, ಮತ್ತೆ ನೆಟ್ಟಗಾಗಿ, ತೇಲಿ ತೇಲಿ, ಕೊನೆಗೆ ಎಡಕ್ಕೆ ತಿರುಗಿ ಕೂತಿತು. "ನೂರು ಮೀಟ್ರು ಪಕ್ಕಾ, ನೋಡಿ ಮಾವ" ಎಂದ. ಹೆಜ್ಜೆ ಎಣಿಸುತ್ತಾ ಹೋದ. ನೂರಾ ನಾಲ್ಕು ಹೆಜ್ಜೆ. ಹಿಂದಿರುಗಿ ಬರುವಾಗ ಫೋನಿನ ಆ್ಯಪ್ ಒತ್ತಿದ. ಅದು ತೊಂಬತ್ತಮೂರು ಮೀಟರ್ ಅಂದಿತು. ನನ್ನ ಕಣ್ಣಿಗೆ ಎಂಬತ್ತರ ಸುತ್ತ ಕಂಡಿತ್ತು. ಅಷ್ಟರಲ್ಲಿ ಅಲೆ ಬಂದು ಗೀರನ್ನು ಅಳಿಸಿತು. ಒಂದೇ ಎಸೆತಕ್ಕೆ ಮೂರು ಲೆಕ್ಕ, ಮೂರೂ ಪ್ರಾಮಾಣಿಕ. ಅವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಎಸೆದದ್ದು ಇಷ್ಟು ದೂರ ಎಂದು ಒಬ್ಬ ಹೇಳಿದಾಗ ಅವನು ಹೇಳುತ್ತಿರುವುದು ಏನನ್ನು?

ಡಿಸ್ಕ್ ಗಾಲ್ಫ್ ಆಡುವವರ ಮಾತಿನಲ್ಲಿ ಈ ಪ್ರಶ್ನೆಗೆ ಇರುವ ತೂಕ ಬೇರೆ ಆಟಗಳಲ್ಲಿ ಕಡಿಮೆ. ಗಾಲ್ಫಿನ ಚೆಂಡು, ಕೋಲು, ಗುಂಡಿಗಳ ಬದಲು ಇಲ್ಲಿ ಸುಮಾರು ಗೇಣಗಲದ ಪ್ಲಾಸ್ಟಿಕ್ ತಟ್ಟೆ, ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಎಷ್ಟು ಕಡಿಮೆ ಎಸೆತದಲ್ಲಿ ಬುಟ್ಟಿ ಸೇರುತ್ತದೋ ಅಷ್ಟು ಒಳ್ಳೆಯದು. ಎಡ್ ಹೆಡ್ರಿಕ್ ಎಂಬಾತ 1975ರಲ್ಲಿ ಲಾಸ್ ಏಂಜಲಿಸ್ ಹತ್ತಿರದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಮೈದಾನ ಮಾಡಿ, ಮರುವರ್ಷ ವೃತ್ತಿಪರರ ಸಂಘವನ್ನೂ ಕಟ್ಟಿದ. ಈಗ ಅಮೆರಿಕದಿಂದ ಫಿನ್‌ಲೆಂಡಿನವರೆಗೆ ಪಾರ್ಕುಗಳಲ್ಲಿ ಈ ಬುಟ್ಟಿಗಳು ಕಾಣುತ್ತವೆ. ಮೈಲಾಪೂರದಲ್ಲಿ ಬುಟ್ಟಿ ಇಲ್ಲ. ಆದರೆ ಈ ಊರಿಗೆ ಡಿಸ್ಕ್ ಹೊಸದಲ್ಲ. ಅಡ್ಯಾರು ನದಿಯ ಆಚೆ ದಡದ ಬೆಸೆಂಟ್ ನಗರದಲ್ಲಿ, ಎಲಿಯಟ್ಸ್ ಬೀಚಿನ ಮರಳಿನ ಮೇಲೆ, ವರ್ಷಗಳಿಂದ ಅಲ್ಟಿಮೇಟ್ ಫ್ರಿಸ್ಬೀ ನಡೆಯುತ್ತಿದೆ. ಗಂಡು ಹೆಣ್ಣು ಒಂದೇ ತಂಡದಲ್ಲಿ ಆಡುತ್ತಾರೆ, ಗುಡಿಸಲ ಮಕ್ಕಳೂ ಸಾಫ್ಟ್‌ವೇರ್ ಕಂಪನಿಯವರೂ ಒಂದೇ ಡಿಸ್ಕಿನ ಹಿಂದೆ ಓಡುತ್ತಾರೆ. ಭರತ್ ಮಿರ್ಲೆ ಮತ್ತು ಅರವಿಂದ್ ಅಯ್ಯರ್ ಈ ಊರಿನ ತಂಡವೊಂದರ ಮೇಲೆ ಮಾಡಿದ ಕಿರುಚಿತ್ರವನ್ನು 2015ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದರ ಹೆಸರು '175 ಗ್ರಾಮ್ಸ್'. ಅಲ್ಟಿಮೇಟ್ ಡಿಸ್ಕಿನ ತೂಕ ಅಷ್ಟೇ. ನಮ್ಮ ಹುಡುಗನೂ ಆ ಮರಳಿನಲ್ಲೇ ಕಲಿತವನು. ಆಮೇಲೆ ವಿದೇಶದಿಂದ ಬಂದ ಗೆಳೆಯನೊಬ್ಬ ಕೊಟ್ಟ, ದೂರ ಎಸೆಯಲೆಂದೇ ಮಾಡಿದ ಎರಡು ಡ್ರೈವರ್ ಡಿಸ್ಕ್ ಹಿಡಿದು ದೂರದ ಗೀಳು ಹಚ್ಚಿಕೊಂಡ.

ಎರಡೂ ಆಟದ ಡಿಸ್ಕ್ ಒಂದೇ ಅಲ್ಲ ಎಂಬುದನ್ನು ಮೊದಲೇ ಹೇಳಬೇಕು. ಅಲ್ಟಿಮೇಟಿನದು 27 ಸೆಂಟಿಮೀಟರ್ ಅಗಲ, ಅಂಚು ದುಂಡಗೆ. ಡಿಸ್ಕ್ ಗಾಲ್ಫಿನ ಡ್ರೈವರ್ 21 ಸೆಂಟಿಮೀಟರ್ ಆಸುಪಾಸು, ಅಂಚು ಅಗಲ ಮತ್ತು ಚೂಪು, ಗಾಳಿಯನ್ನು ಕತ್ತರಿಸಿಕೊಂಡು ಹೋಗುವಂಥದ್ದು. ಅದರ ಮೈಮೇಲೆ ನಾಲ್ಕು ಅಂಕಿ ಅಚ್ಚು ಹಾಕಿರುತ್ತಾರೆ. ಮೊದಲನೆಯದು ಸ್ಪೀಡ್. ಆ ಅಂಕಿ ದೊಡ್ಡದಿದ್ದರೆ ಡಿಸ್ಕ್ ದೂರ ಹೋಗುತ್ತದೆ ಎಂದು ಹೊಸಬರೆಲ್ಲ ತಿಳಿಯುತ್ತಾರೆ. ನಿಜವಾಗಿ ಅದು ಡಿಸ್ಕ್ ಎಸೆಯುವವನಿಂದ ಕೇಳುವ ವೇಗ. ಅಷ್ಟು ವೇಗ ತೋಳಿನಲ್ಲಿ ಇಲ್ಲದಿದ್ದರೆ 12ರ ಡಿಸ್ಕ್ 7ರ ಡಿಸ್ಕಿಗಿಂತ ಮೊದಲೇ ಎಡಕ್ಕೆ ಮುರಿದು ಬೀಳುತ್ತದೆ. ತನ್ನ ದೂರವನ್ನು ಜಾಸ್ತಿ ಹೇಳಿಕೊಳ್ಳುವವನು ಮೊದಲು ಮೋಸ ಮಾಡುವುದು ತನಗೇ. ತನ್ನದಲ್ಲದ ತೋಳಿಗೆ ಮಾಡಿದ ಡಿಸ್ಕ್ ಕೊಳ್ಳುತ್ತಾನೆ, ಅದನ್ನು ಒಗ್ಗಿಸಲು ಭುಜ ನೋಯಿಸಿಕೊಳ್ಳುತ್ತಾನೆ.

ಅಳೆಯುವ ದಾರಿಗಳಲ್ಲಿ ಎಲ್ಲಕ್ಕಿಂತ ಹಳೆಯದು ಹೆಜ್ಜೆ. ಒಂದು ಹೆಜ್ಜೆ ಒಂದು ಮೀಟರ್ ಎಂದು ಎಲ್ಲ ದೇಶದ ಆಟಗಾರರೂ ಒಪ್ಪಿಕೊಂಡ ಹಾಗಿದೆ. ಅಮೆರಿಕದವನಾದರೆ ಒಂದು ಹೆಜ್ಜೆ ಮೂರು ಅಡಿ. ನಾನು ಮನೆಯ ತಾರಸಿಯ ಮೇಲೆ ಟೇಪ್ ಹಾಸಿ ಹುಡುಗನನ್ನು ನಡೆಸಿ ನೋಡಿದೆ. ಸಹಜವಾಗಿ ನಡೆದರೆ ಅವನ ಹೆಜ್ಜೆ 75 ಸೆಂಟಿಮೀಟರ್ ದಾಟುವುದಿಲ್ಲ. ಬೇಕೆಂದೇ ಚಾಚಿದರೆ ಹತ್ತು ಹೆಜ್ಜೆಯವರೆಗೆ 90 ಬರುತ್ತದೆ, ಆಮೇಲೆ ಕಾಲು ತಾನಾಗಿ ಹಳೆಯ ಅಳತೆಗೆ ಇಳಿಯುತ್ತದೆ. ಸಡಿಲ ಮರಳಿನಲ್ಲಿ ಹೇಳುವುದೇ ಬೇಡ, ಪ್ರತಿ ಹೆಜ್ಜೆಯಲ್ಲೂ ಕಾಲು ಹಿಂದಕ್ಕೆ ಜಾರುತ್ತದೆ. ಹೀಗಾಗಿ ಹೆಜ್ಜೆಯ ತಪ್ಪು ಎರಡೂ ಕಡೆ ಹಂಚಿಹೋಗುವ ತಪ್ಪಲ್ಲ. ಯಾವಾಗಲೂ ಎಸೆದವನ ಕಡೆಗೇ ವಾಲುತ್ತದೆ. ಹೆಜ್ಜೆ ಚಿಕ್ಕದಾದಷ್ಟೂ ಎಸೆತ ಉದ್ದವಾಗುತ್ತದೆ.

ಎರಡನೆಯದು, ಗೊತ್ತಿರುವ ಮೈದಾನವನ್ನೇ ಅಳತೆಗೋಲು ಮಾಡಿಕೊಳ್ಳುವುದು. ಅಮೆರಿಕದ ಆಟಗಾರ ಫುಟ್‌ಬಾಲ್ ಮೈದಾನದ ಒಂದು ಗೋಲ್ ಗೆರೆಯಲ್ಲಿ ನಿಂತು ಇನ್ನೊಂದರತ್ತ ಎಸೆಯುತ್ತಾನೆ. ಅಲ್ಲಿಗೆ 100 ಗಜ, ಅಂದರೆ 300 ಅಡಿ. ಅವರ ಮಾತಿನಲ್ಲಿ 300 ಅಡಿ ಒಂದು ಹೊಸ್ತಿಲು. ಅದನ್ನು ದಾಟಿದವನು ಇನ್ನು ಹೊಸಬನಲ್ಲ. 400 ಇನ್ನೊಂದು ಹೊಸ್ತಿಲು, 500 ಅಡಿ ಕೆಲವೇ ತೋಳುಗಳ ಸೊತ್ತು. ಮೀಟರಿನಲ್ಲಿ ಇವು ಸುಮಾರು 91, 122, 152. ಮೀಟರ್ ಬಳಸುವ ದೇಶದವನಿಗೆ 91 ಎಂಬ ಅಂಕಿಯಲ್ಲಿ ಯಾವ ಮೋಹವೂ ಇಲ್ಲ, ಅವನ ಕನಸು 100. ನಮ್ಮ ಹುಡುಗನ ಬಾಯಲ್ಲಿ ಬಂದದ್ದೂ ಅದೇ ನೂರು. ದುಂಡನೆಯ ಅಂಕಿಯ ಹತ್ತಿರ ಬಿದ್ದ ಎಸೆತವನ್ನು ನಾಲಿಗೆಯೇ ಉಳಿದ ದೂರ ನೂಕಿಬಿಡುತ್ತದೆ. ಆಟದ ನಿಯಮದೊಳಗೂ ಎರಡು ಅಳತೆ ಒಟ್ಟಿಗೆ ಬಾಳುತ್ತಿವೆ: ಮೊದಲ ಎಸೆತದ ಬಗ್ಗೆ ಅಡಿಯಲ್ಲಿ ಮಾತಾಡುವ ಅಮೆರಿಕದವನೂ ಬುಟ್ಟಿಯ ಸುತ್ತಲಿನ ವೃತ್ತವನ್ನು 10 ಮೀಟರ್ ಎಂದೇ ಅಳೆಯಬೇಕು. ಆ ವೃತ್ತದ ಒಳಗಿಂದ ಎಸೆದರೆ ಮುಂದಕ್ಕೆ ಮುಗ್ಗರಿಸುವಂತಿಲ್ಲ. ಚೆನ್ನೈನ ಬೀಚ್ ಆಟಗಾರರಿಗೆ ಅಡಿಯೂ ಇಲ್ಲ, ಮೀಟರೂ ಇಲ್ಲ, ಕೋರ್ಟೇ ಅಳತೆ. ಬೀಚ್ ಅಲ್ಟಿಮೇಟ್ ಕೋರ್ಟ್ ಉದ್ದ 75 ಮೀಟರ್, ಹುಲ್ಲಿನ ಮೇಲಿನದು 100. ಅದಕ್ಕೇ ಮರಳಿನಲ್ಲಿ ಕಲಿತವನು "ಫುಲ್ ಕೋರ್ಟ್ ಹಕ್" (ಕೋರ್ಟಿನುದ್ದದ ಎಸೆತ) ಅಂದದ್ದನ್ನು ಹುಲ್ಲಿನವನು ಕೇಳಿಸಿಕೊಂಡರೆ ಆ ಮಾತಿನಲ್ಲೇ 25 ಮೀಟರ್ ಬೆಳೆದಿರುತ್ತದೆ.

ಮೂರನೆಯದು ಫೋನು. ಯುಡಿಸ್ಕ್‌ನಂಥ ಆ್ಯಪುಗಳಲ್ಲಿ ಎಸೆದ ಜಾಗದಲ್ಲಿ ಒಮ್ಮೆ, ಬಿದ್ದ ಜಾಗದಲ್ಲಿ ಒಮ್ಮೆ ಒತ್ತಿದರೆ ಮುಗಿಯಿತು. ಆದರೆ ಬಯಲಲ್ಲೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ಆ ತಪ್ಪು ಎರಡು ತುದಿಯಲ್ಲೂ ಉಂಟು. ನೂರು ಮೀಟರಿನ ಮಾತಿಗೆ ಇದು ಸಣ್ಣದಲ್ಲ. ನನ್ನ ಅಭಿಪ್ರಾಯ ಇಷ್ಟು: ತಿಂಗಳಾನುಗಟ್ಟಲೆ ತನ್ನದೇ ಎಸೆತಗಳನ್ನು ತಾನೇ ಹೋಲಿಸಿಕೊಳ್ಳಲು ಫೋನು ಒಳ್ಳೆಯ ಜೊತೆಗಾರ, ಒಂದು ಎಸೆತದ ಬಗ್ಗೆ ಪ್ರಮಾಣ ಮಾಡಿ ಹೇಳಲು ಸಾಲದು. ಇತ್ತೀಚೆಗೆ ಡಿಸ್ಕಿನ ಒಳಗೇ ಸಂವೇದಕ ಕೂರಿಸಿ ವೇಗ, ಸುತ್ತು, ಕೋನಗಳನ್ನು ಹೇಳುವ ಸಾಧನಗಳೂ ಬಂದಿವೆ. ಗಂಟೆಗೆ 60 ಮೈಲಿ ವೇಗದ ಒಳ್ಳೆಯ ಎಸೆತ ಗಾಳಿ ಇಲ್ಲದ ಸಮತಟ್ಟಿನಲ್ಲಿ 400 ಅಡಿ ಆಸುಪಾಸು ಹೋಗುತ್ತದೆ ಎಂಬುದು ಆಟಗಾರರ ರೂಢಿಯ ಲೆಕ್ಕ. ಮನೆಯ ಹಿತ್ತಲಲ್ಲಿ ಬಲೆಗೆ ಎಸೆದು ದೂರ ಹೇಳುವ ಕಾಲ ಬಂತು. ಅದು ತೋಳಿನ ಶಕ್ತಿಯ ಲೆಕ್ಕ. ಹಾರಾಟದ ಲೆಕ್ಕ ಇನ್ನೂ ಆಕಾಶದಲ್ಲೇ ಇದೆ.

ಇನ್ನು ಟೇಪು. ನಿಧಾನ, ಬೇಸರ, ಮಡಿಚಿ ಬಿಚ್ಚಿ ಮರಳು ಒರೆಸುವ ಕೆಲಸ. ಆದರೂ ನನಗೆ ಟೇಪಿನ ಮೇಲೇ ಗೌರವ. ಟೇಪಿಗೆ ಎರಡು ತುದಿ. ಇನ್ನೊಂದು ತುದಿ ಹಿಡಿಯಲು ಇನ್ನೊಬ್ಬ ಬೇಕು. ಅಳತೆ ಆ ಕ್ಷಣಕ್ಕೆ ಒಬ್ಬನ ಮಾತಾಗಿ ಉಳಿಯುವುದಿಲ್ಲ. ಅಳತೆಯ ಬಗ್ಗೆ ಈ ಊರಿಗೆ ದೊಡ್ಡ ನೆನಪೂ ಇದೆ. ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಮೊದಲ ಗೆರೆಯನ್ನು ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಎಳೆದದ್ದು ಇಲ್ಲಿಂದ ಕೆಲವೇ ಮೈಲಿ ದೂರದ ಸೇಂಟ್ ಥಾಮಸ್ ಬೆಟ್ಟದ ಬುಡದಿಂದ. ಏಳೂವರೆ ಮೈಲಿ ಉದ್ದದ ಆ ಗೆರೆಯನ್ನು ನೂರು ಅಡಿಯ ಉಕ್ಕಿನ ಸರಪಳಿ ಹಾಸಿ ಹಾಸಿ ಅಳೆಯಲು 57 ದಿನ ಹಿಡಿಯಿತು. ಬೆಂಗಳೂರಿಗೆ ಬಂದ ಮೇಲೆ 1804ರಲ್ಲಿ ಅಲ್ಲಿಯೂ ಒಂದು ಗೆರೆ ಅಳೆದು ಲೆಕ್ಕವನ್ನು ತಾಳೆ ನೋಡಿದರು. ಒಂದು ದೂರವನ್ನು ಹೇಳುವ ಮೊದಲು ಮನುಷ್ಯ ಎಷ್ಟು ಪಾಡು ಪಡಬಲ್ಲ ಎಂಬುದಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ನನಗಿಲ್ಲ.

ಅಳತೆಯ ಸಾಧನ ಸರಿಯಾದರೂ ಪ್ರಶ್ನೆ ಮುಗಿಯುವುದಿಲ್ಲ. ಎಲ್ಲಿಂದ ಎಲ್ಲಿಗೆ? ಓಡಿಬಂದು ಎಸೆಯುವವನ ಕೈ ಗೆರೆಗಿಂತ ಮುಂದಿರುತ್ತದೆ. ಡಿಸ್ಕ್ ಬಿದ್ದ ಮೇಲೆ ಜಾರುತ್ತದೆ, ಪುಟಿಯುತ್ತದೆ, ಕೆಲವೊಮ್ಮೆ ಅಂಚಿನ ಮೇಲೆ ನಿಂತು ಚಕ್ರದ ಹಾಗೆ ಉರುಳುತ್ತಲೇ ಹೋಗುತ್ತದೆ. ಆಟದ ದೃಷ್ಟಿಯಿಂದ ನಿಂತ ಜಾಗವೇ ಸತ್ಯ, ಮುಂದಿನ ಎಸೆತ ಅಲ್ಲಿಂದಲೇ. ತೋಳಿನ ದೃಷ್ಟಿಯಿಂದ ಬಿದ್ದ ಜಾಗ ಸತ್ಯ. ಗಟ್ಟಿ ಮರಳಿನಲ್ಲಿ ಇವೆರಡರ ನಡುವೆ ಹತ್ತು ಹನ್ನೆರಡು ಮೀಟರ್ ಅಂತರ ಬಂದದ್ದನ್ನು ನಾನೇ ಕಂಡಿದ್ದೇನೆ. ಸಡಿಲ ಮರಳಿನಲ್ಲಿ ಅರ್ಧ ಮೀಟರ್ ಕೂಡ ಇಲ್ಲ, ಡಿಸ್ಕ್ ಬಿದ್ದಲ್ಲೇ ಹೂತುಕೊಳ್ಳುತ್ತದೆ. ಅಥ್ಲೆಟಿಕ್ಸ್ ಈ ಗೊಂದಲವನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿದೆ. ಡಿಸ್ಕಸ್ ಎಸೆತದಲ್ಲಿ ಎರಡೂವರೆ ಮೀಟರ್ ವ್ಯಾಸದ ವೃತ್ತದ ಒಳ ಅಂಚಿನಿಂದ, ವೃತ್ತದ ನಡುವನ್ನು ಹಾದುಹೋಗುವ ಗೆರೆಯಲ್ಲಿ, ನೆಲಕ್ಕೆ ಮೊದಲು ತಾಗಿದ ಗುರುತಿನವರೆಗೆ. ಆಮೇಲೆ ಎಷ್ಟು ಜಾರಿದರೂ ಲೆಕ್ಕಕ್ಕಿಲ್ಲ. ಅಳತೆ ಸೆಂಟಿಮೀಟರಿಗೆ, ನಡುವೆ ಬಿದ್ದರೆ ಕೆಳಗಿನ ಅಂಕಿಯನ್ನೇ ಬರೆಯಬೇಕು, ಮೇಲಿನದಕ್ಕೆ ಏರಿಸುವಂತಿಲ್ಲ. 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಗೆದ್ದ ಜಾವೆಲಿನ್ ಎಸೆತ 86.18 ಮೀಟರ್ ಎಂದು ಫಲಕದಲ್ಲಿ ಮೂಡಿದಾಗ ಆ ಅಂಕಿಯ ಹಿಂದೆ ಇಂಥವೇ ಕಟ್ಟಳೆಗಳು ಇದ್ದವು. ಕೆಳಗಿನ ಅಂಕಿಗೆ ಇಳಿಸುವ ಆ ಒಂದು ನಿಯಮ ನನಗೆ ತುಂಬಾ ಇಷ್ಟ.

ಕ್ರಿಕೆಟ್ ಬೇರೆ ದಾರಿ ಹಿಡಿಯಿತು. ಟಿವಿಯಲ್ಲಿ ಸಿಕ್ಸರಿನ ದೂರ ತೋರಿಸುತ್ತಾರಲ್ಲ, ಅದು ಚೆಂಡು ಬಿದ್ದ ದೂರವಲ್ಲ; ಮೇಲೆ ಚಾವಣಿಗೋ ಗ್ಯಾಲರಿಗೋ ತಾಗದೆ ಹೋಗಿದ್ದರೆ ಎಲ್ಲಿ ನೆಲ ಮುಟ್ಟುತ್ತಿತ್ತು ಎಂಬ ಊಹೆ. 2024ರ ಮೇ 18ರ ರಾತ್ರಿ ಚಿನ್ನಸ್ವಾಮಿಯಲ್ಲಿ ಧೋನಿ ಕೊನೆಯ ಓವರಿನಲ್ಲಿ ಚೆಂಡನ್ನು ಕ್ರೀಡಾಂಗಣದ ಹೊರಗೆ ಕಳಿಸಿದಾಗ ಪರದೆ 110 ಮೀಟರ್ ಅಂದಿತು. ಮುಂದಿನ ಎಸೆತಕ್ಕೆ ಅವರು ಔಟಾಗಿ ಆರ್‌ಸಿಬಿ ಗೆದ್ದದ್ದು ನಮ್ಮವರಿಗೆಲ್ಲ ನೆನಪಿದೆ. ಆ ರಾತ್ರಿ ಮೈಲಾಪೂರದ ಬೀದಿ ಎಷ್ಟು ಮೌನವಾಯಿತು ಎಂಬುದು ನನಗೂ ನೆನಪಿದೆ. ಆ ಚೆಂಡು ನಿಜವಾಗಿ ಎಲ್ಲಿ ಬಿತ್ತೋ ಅಲ್ಲಿಗೆ ಟೇಪ್ ಹಿಡಿದು ಯಾರೂ ಹೋಗಲಿಲ್ಲ. ಅಂಕಿ ಮಾತ್ರ ಉಳಿಯಿತು.

ಈಗ ಗಾಳಿಗೆ ಬರೋಣ. ಈ ಪ್ರಶ್ನೆಯ ತಿರುಳು ಇರುವುದೇ ಇಲ್ಲಿ.

ಹಾರುವ ತಟ್ಟೆಯನ್ನು ಮನುಷ್ಯ ಎಸೆದ ಅತಿ ದೂರ 338 ಮೀಟರ್. ಡೇವಿಡ್ ವಿಗಿನ್ಸ್ ಜೂನಿಯರ್ 2016ರ ಮಾರ್ಚ್ 28ರಂದು ಅಮೆರಿಕದ ನೆವಾಡಾ ಮರುಭೂಮಿಯ ಪ್ರಿಮ್ ಎಂಬಲ್ಲಿ ಎಸೆದದ್ದು. ಮರೀನಾದ ಲೈಟ್‌ಹೌಸ್ ಸುಮಾರು 46 ಮೀಟರ್ ಎತ್ತರ. ಅಂಥ ಏಳು ಲೈಟ್‌ಹೌಸುಗಳನ್ನು ತಲೆಗೆ ಕಾಲಿಟ್ಟು ಮಲಗಿಸಿದರೂ ಇನ್ನೂ ಹದಿನಾರು ಮೀಟರ್ ಉಳಿಯುತ್ತದೆ. ಅದೇ ಬಯಲಿನಲ್ಲಿ 2014ರಲ್ಲಿ ಸೈಮನ್ ಲಿಜೋಟ್ ಎಸೆದದ್ದು 263.2. ಹೆಣ್ಣುಮಕ್ಕಳಲ್ಲಿ ಜೆನಿಫರ್ ಅಲೆನ್ 2016ರಲ್ಲೇ ಅಲ್ಲಿಯೇ 173.3 ಮೀಟರ್ ಎಸೆದರು. ಎಲ್ಲರೂ ಆ ಮರುಭೂಮಿಗೇ ಏಕೆ ಹೋಗುತ್ತಾರೆ ಎಂದರೆ ಅಲ್ಲಿ ಬೆನ್ನ ಹಿಂದಿನಿಂದ ಬೀಸುವ ಬಿರುಗಾಳಿ ಸಿಗುತ್ತದೆ. ಡಿಸ್ಕನ್ನು ಎತ್ತರಕ್ಕೆ ಏರಿಸಿ ಗಾಳಿಯ ಕೈಗೆ ಕೊಡುತ್ತಾರೆ. ಉಳಿದದ್ದನ್ನು ಗಾಳಿ ಮಾಡುತ್ತದೆ. ನಿಯಮದೊಳಗೇ ನಡೆದ, ಸರಿಯಾಗಿ ಅಳೆದ, ನಿಜವಾದ ದಾಖಲೆ. ಅದೇ ತೋಳು ಮರಗಳ ನಡುವಿನ ಆಟದ ಮೈದಾನದಲ್ಲಿ ಎಸೆಯುವುದು ಇದರ ಅರ್ಧ ಮುಟ್ಟಿದರೆ ಹೆಚ್ಚು. ದಾಖಲೆಯೂ ನಿಜ, ಆ ಅರ್ಧವೂ ನಿಜ.

ಗ್ರೀಕರ ಕಾಲದಿಂದ ಬಂದ ಡಿಸ್ಕಸ್ಸಿಗೂ ಗಾಳಿಯ ಮಾತು ಉಂಟು. ನಮ್ಮ ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ 66.28 ಮೀಟರಿನ ರಾಷ್ಟ್ರೀಯ ದಾಖಲೆ ಬರೆದದ್ದು 2012ರಲ್ಲಿ ಓಕ್ಲಹೋಮಾದ ನಾರ್ಮನ್‌ನಲ್ಲಿ. ಓಕ್ಲಹೋಮಾ ಎಂದರೆ ಗಾಳಿಯ ಸೀಮೆ. ಲಿಥುವೇನಿಯಾದ ಮೈಕೋಲಾಸ್ ಅಲೆಕ್ನಾ ಅದೇ ರಾಜ್ಯದ ರಮೋನಾ ಎಂಬ ಊರಿನಲ್ಲಿ 2024ರಲ್ಲಿ 74.35, 2025ರಲ್ಲಿ 75.56 ಎಸೆದು ವಿಶ್ವದಾಖಲೆಯನ್ನು ಎರಡೂ ವರ್ಷ ಮುರಿದರು. ಇಲ್ಲಿ ಬೇಕಾದದ್ದು ಬೆನ್ನ ಗಾಳಿಯಲ್ಲ, ಎದುರಿನಿಂದ ಓರೆಯಾಗಿ ಬರುವ ಗಾಳಿ. ಎರಡು ಕಿಲೋ ತೂಕದ ಡಿಸ್ಕಸ್ಸನ್ನು ಅದು ಕೆಳಗಿನಿಂದ ಎತ್ತಿ ಹಿಡಿಯುತ್ತದೆ. ನೂರು ಮೀಟರ್ ಓಟದಲ್ಲಿ ಬೆನ್ನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆ ಇಲ್ಲ; ಡಿಸ್ಕಸ್ಸಿಗೆ ಅಂಥ ಮಿತಿಯೇ ಇಲ್ಲ. ಆದರೆ ವಿಕಾಸ್ ಗೌಡರ ವಿಚಾರದಲ್ಲಿ ನನ್ನ ಮನಸ್ಸಿಗೆ ಹತ್ತಿರವಾದ ಅಂಕಿ 66.28 ಅಲ್ಲ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರಿಗೆ ಚಿನ್ನ ತಂದ 63.64. ತನ್ನ ಅತ್ಯುತ್ತಮಕ್ಕಿಂತ ಎರಡೂವರೆ ಮೀಟರಿಗೂ ಹೆಚ್ಚು ಹಿಂದೆ. ಆದರೆ ಬೇಕಾದ ದಿನ, ಬೇಕಾದ ಹೊತ್ತಿಗೆ, ಎಲ್ಲರ ಎದುರಿಗೆ ಕೈಯಿಂದ ಹೊರಟದ್ದು.

ಪಟ್ಟಿನಪಾಕ್ಕಂನಲ್ಲಿ ಗಾಳಿಗೆ ದಿನಚರಿ ಇದೆ. ನಸುಕಿನಲ್ಲಿ ಊರ ಕಡೆಯಿಂದ ಕಡಲಿಗೆ ತೆಳ್ಳಗೆ ಬೀಸುತ್ತದೆ. ಬಿಸಿಲೇರಿ ಮಧ್ಯಾಹ್ನವಾದ ಮೇಲೆ ಕಡಲ ಗಾಳಿ ಎದ್ದು ಆಗ್ನೇಯದಿಂದ ನುಗ್ಗುತ್ತದೆ. ಸಂಜೆ ಐದಕ್ಕೆ ಲೈಟ್‌ಹೌಸ್ ಕಡೆ ಎಸೆದವನ ಬೆನ್ನಿಗೆ ಕಡಲೇ ನಿಂತ ಹಾಗೆ. ಅದೇ ಹುಡುಗ, ಅದೇ ಡಿಸ್ಕ್, ಸಂಜೆಯ ಎಸೆತ ಬೆಳಗಿನದಕ್ಕಿಂತ ಎಷ್ಟೋ ಮುಂದೆ ಬೀಳುತ್ತದೆ. ದಕ್ಷಿಣಕ್ಕೆ ತಿರುಗಿ ಎಸೆದರೆ ಗೋಡೆಗೆ ಹೊಡೆದ ಹಾಗೆ ನಿಲ್ಲುತ್ತದೆ. ಹೀಗಿರುವಾಗ ಬೆಳಗೋ ಸಂಜೆಯೋ, ಉತ್ತರಕ್ಕೋ ದಕ್ಷಿಣಕ್ಕೋ ಎಂದು ಹೇಳದೆ ಬರಿಯ ಮೀಟರ್ ಹೇಳುವುದು ಅರ್ಧ ವಾಕ್ಯ.

ಆಟಗಾರರಿಗೆ ಇದು ಗೊತ್ತಿಲ್ಲ ಎಂದಲ್ಲ. ಅವರ ಮಾತಿನಲ್ಲೇ ಎರಡು ಬೇರೆ ಪದಗಳಿವೆ. ಒಂದು 'ಮ್ಯಾಕ್ಸ್', ಜೀವಮಾನದಲ್ಲಿ ಒಮ್ಮೆ ಕೂಡಿಬಂದದ್ದು. ಇನ್ನೊಂದು 'ಗಾಲ್ಫ್ ಡಿಸ್ಟೆನ್ಸ್', ಗುರಿಯ ಗೆರೆ ಬಿಡದೆ ಹತ್ತರಲ್ಲಿ ಏಳೆಂಟು ಸಲವಾದರೂ ಬರುವಂಥದ್ದು. ಬುಟ್ಟಿ 90 ಮೀಟರಿನಾಚೆ ಇದ್ದಾಗ ಕೈಚೀಲದಿಂದ ಯಾವ ಡಿಸ್ಕ್ ತೆಗೆಯಬೇಕು ಎಂದು ತೀರ್ಮಾನಿಸುವುದು ಈ ಎರಡನೆಯ ಅಂಕಿ. ಆದರೆ ಯಾರಾದರೂ ಎಷ್ಟು ಎಸೆಯುತ್ತೀ ಎಂದು ಕೇಳಿದ ಕೂಡಲೇ ಬಾಯಿಗೆ ಬರುವುದು ಮೊದಲನೆಯದು.

ಕನ್ನಡದಲ್ಲಿ ಕೇಳಿದರೆ ಈ ಬಿರುಕು ಇನ್ನೂ ನಿಚ್ಚಳವಾಗಿ ಕಾಣುತ್ತದೆ. "ನೂರು ಮೀಟ್ರು ಎಸೆದಿದ್ದೀನಿ" ಎಂದರೆ ಒಮ್ಮೆ ಆದ ಸಂಗತಿ. "ನೂರು ಮೀಟ್ರು ಎಸೀತೀನಿ" ಎಂದರೆ ದಿನದ ರೂಢಿ. "ನೂರು ಮೀಟ್ರು ಎಸೀಬಲ್ಲೆ" ಎಂದರೆ ತೋಳಿನ ಮೇಲಿನ ನಂಬಿಕೆ. "ನೂರು ಮೀಟ್ರು ಹೋಯ್ತು" ಎಂದರೆ ಡಿಸ್ಕಿನ ಕತೆ. ಅದರಲ್ಲಿ ಗಾಳಿಗೂ ಪಾಲುಂಟು. ನಾಲ್ಕು ಕ್ರಿಯಾಪದ, ನಾಲ್ಕು ಬೇರೆ ಸತ್ಯ. ದೂರದ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಮೊದಲನೆಯದನ್ನು ಎರಡನೆಯದರ ಬಟ್ಟೆ ಹಾಕಿ ಕಳಿಸುವುದರಿಂದ. ನಮ್ಮ ಹುಡುಗನಿಗೆ ನಾನು ಹೇಳಿದ್ದು ಇದನ್ನೇ: ಎಸೀತೀನಿ ಅನ್ನಬೇಕಾದರೆ ಹತ್ತು ಸಲ ಎಸೆದು, ಎಲ್ಲವನ್ನೂ ಸಾಲಾಗಿ ಬರೆದು, ನಡುವಿನದನ್ನು ಹೇಳು. ಮೇಲಿನ ಒಂದನ್ನು ಎಸೆದಿದ್ದೀನಿ ಎಂದು ಹೇಳಿಕೋ, ತಪ್ಪೇನಿಲ್ಲ, ಸಂತೋಷವೇ.

ಎಸೆತದ ದೂರ ಅಳೆಯುವುದು ನಮಗೇನೂ ಪರದೇಶದಿಂದ ಬಂದ ವಿದ್ಯೆಯಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾಗರ ಪಂಚಮಿಗೆ ಲಿಂಬೆಹಣ್ಣು ಒಗೆಯುವ ಪಂದ್ಯ ಕಟ್ಟುತ್ತಾರೆ. ಅಗಸೆಯಿಂದ ಇಂಥ ಗುಡಿಯವರೆಗೆ ಇಷ್ಟೇ ಒಗೆತದಲ್ಲಿ ಹಣ್ಣು ಮುಟ್ಟಿಸಬೇಕು. ಬಿದ್ದ ಕಡೆಯಿಂದ ಎತ್ತಿ ಮತ್ತೆ ಒಗೆಯಬೇಕು. ಬುಟ್ಟಿಯೊಂದನ್ನು ಬಿಟ್ಟರೆ ಇದು ಡಿಸ್ಕ್ ಗಾಲ್ಫೇ. ಅಲ್ಲಿ ಯಾರೂ ಮೀಟರ್ ಹೇಳುವುದಿಲ್ಲ. ದೂರ ಮೊದಲೇ ಊರಿಗೆಲ್ಲ ಗೊತ್ತು. ಎಷ್ಟು ಒಗೆತ ಎಂಬುದೇ ತೋಳಿನ ಅಳತೆ. ದೂರವನ್ನು ಅಂಕಿಯಲ್ಲಿ ಹೇಳುವುದಕ್ಕಿಂತ ಇದು ಎಷ್ಟೋ ಗಟ್ಟಿ ಲೆಕ್ಕ ಎಂದು ನನಗನಿಸುತ್ತದೆ.

ಇನ್ನೊಂದು ಚಿನ್ನಿದಾಂಡು. ಗಿಲ್ಲಿದಾಂಡು, ಚಿಣ್ಣಿಕೋಲು, ಚಿಣಿಪಣಿ, ಸೀಮೆಗೊಂದು ಹೆಸರು; ಈ ಚೆನ್ನೈನಲ್ಲೂ ಗಿಲ್ಲಿಯೇ. ಹಾರಿದ ಚಿನ್ನಿ ಬಿದ್ದ ಕಡೆಯಿಂದ ಕುಳಿಯವರೆಗಿನ ದೂರವನ್ನು ದಾಂಡಿನಿಂದಲೇ ಅಳೆಯುತ್ತಾರೆ. ಹೊಡೆದ ಕೋಲೇ ಅಳತೆಗೋಲು. ಆ ಎಣಿಕೆಯ ಪದಗಳು ಎಷ್ಟು ದೂರ ನಡೆದಿವೆ ನೋಡಿ: ವಿಟಿದಾಂಡು ಆಡುವ ಮರಾಠಿ ಮಕ್ಕಳು ವಕಟ, ಲೇಂಡ, ಮುಂಡ, ನಾಲ ಎಂದು ಎಣಿಸುತ್ತಿದ್ದರು. ತೆಲುಗಿನ ಒಕಟಿ, ರೆಂಡು, ಮೂಡು, ನಮ್ಮ ನಾಲ್ಕು ಎಲ್ಲ ಅದರೊಳಗೆ ಕೂತಿವೆ. ಬೇರೆ ಭಾಷೆಯ ಮಕ್ಕಳಿಗೆ ದಕ್ಷಿಣದ ಅಂಕಿಗಳನ್ನು ಕಲಿಸಿದ್ದು ಪಾಠಶಾಲೆಯಲ್ಲ, ಚಿನ್ನಿ ಹಾರಿದ ದೂರ.

ನಾನು ಹುಟ್ಟಿದ ಊರಲ್ಲಿ ಅದಕ್ಕೆ ಒಂದು ಕಟ್ಟಳೆ ಇತ್ತು. ಈ ಇಡೀ ವಿಚಾರದಲ್ಲಿ ನಾನು ಕಂಡ ಅತ್ಯಂತ ಜಾಣ ನಿಯಮ ಅದು. ಪ್ರತಿ ಸಲ ಅಳೆಯುತ್ತಾ ಕೂತರೆ ಹೊತ್ತು ಮುಳುಗುತ್ತದೆ. ಅದಕ್ಕೆ ಹೊಡೆದವನು ಕಣ್ಣಳತೆಯಲ್ಲಿ ನೋಡಿ ದಾಂಡಿನ ಲೆಕ್ಕ 'ಕೇಳು'ತ್ತಿದ್ದ: "ಅರವತ್ತು ಕೊಡ್ತೀರೇನೋ?" ಎದುರಿನವರು "ಕೊಟ್ವಿ" ಅಂದರೆ ಅರವತ್ತು ಅವನ ಖಾತೆಗೆ, ಅಳೆಯುವ ಹಾಗಿಲ್ಲ. "ಅಳಿ" ಅಂದರೆ ಅಳೆಯಬೇಕು. ಅರವತ್ತೋ ಹೆಚ್ಚೋ ಬಂದರೆ ಕೇಳಿದ್ದಷ್ಟೇ ಸಿಗುತ್ತದೆ. ಒಂದು ದಾಂಡು ಕಡಿಮೆ ಬಂದರೂ ಅವನ ಆ ಹೊಡೆತ ಸೊನ್ನೆ. ಹೆಚ್ಚು ಕೇಳಿದರೆ ಎಲ್ಲ ಹೋಗುತ್ತದೆ, ಕಡಿಮೆ ಕೇಳಿದರೆ ನಷ್ಟ. ಎದುರಿನವರಿಗೂ ಸುಮ್ಮನೆ ಅಳಿ ಅನ್ನುವ ಸುಖವಿಲ್ಲ. ಬಗ್ಗಿ ಬಗ್ಗಿ ಅಳೆಯುವವರು ಅವರೇ. ವರ್ಷವೆರಡು ಆಡುವಷ್ಟರಲ್ಲಿ ಪ್ರತಿ ಹುಡುಗನ ಕಣ್ಣೂ ಟೇಪಾಗಿರುತ್ತಿತ್ತು. ನಮ್ಮ ಆಟದಲ್ಲಿ ರೆಫರಿ ಇಲ್ಲ, ತಪ್ಪನ್ನು ಆಟಗಾರರೇ ಕೂಗಿ ಹೇಳಬೇಕು, ಅದೇ ಆಟದ ಸತ್ವ ಎಂದು ಅಲ್ಟಿಮೇಟಿನವರು ಹೆಮ್ಮೆಯಿಂದ ಹೇಳುತ್ತಾರೆ. ನ್ಯಾಯವಾದ ಹೆಮ್ಮೆ. ಆದರೆ ದೂರದ ಮಾತಿಗೆ ಬಂದಾಗ ಮಾತ್ರ ಆ ಸತ್ವಕ್ಕೆ ಒಂದು ಆಸರೆ ಕಡಿಮೆ: ಹೆಚ್ಚು ಹೇಳಿದವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಚಿನ್ನಿದಾಂಡು ಆ ಆಸರೆಯನ್ನು ಮಕ್ಕಳ ಕೈಗೇ ಕೊಟ್ಟಿತ್ತು.

ಕಳೆದ ಭಾನುವಾರ ನಾವು 30 ಮೀಟರಿನ ಟೇಪು, ನಾಲ್ಕು ಬಿದಿರ ಕಡ್ಡಿ, ಒಂದು ನೋಟ್‌ಬುಕ್ ಹಿಡಿದು ದಂಡೆಗೆ ಹೋದೆವು. ಕಟ್ಟಳೆಯನ್ನು ಹುಡುಗನಿಗೆ ದಾರಿಯಲ್ಲೇ ವಿವರಿಸಿದ್ದೆ. ದಾಂಡಿನ ಬದಲು ಮೀಟರ್, ಬಿದ್ದ ಗೀರಿನವರೆಗೆ ಮಾತ್ರ, ಜಾರಿದ್ದು ಲೆಕ್ಕಕ್ಕಿಲ್ಲ. ಗಾಳಿ ಊರ ಕಡೆಯಿಂದ ಮೆಲ್ಲಗಿತ್ತು. ದೋಣಿಯ ನೆರಳಿನಲ್ಲಿ ಬಲೆ ಬಿಡಿಸುತ್ತಿದ್ದ ಮುದುಕರೊಬ್ಬರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಹುಡುಗ ಎಸೆದ. ಗೀರಿನ ಬಳಿ ಹೋಗಲಿಲ್ಲ. ಗೆರೆಯಲ್ಲೇ ನಿಂತು ಬಹಳ ಹೊತ್ತು ನೋಡಿದ.

"ಎಂಬತ್ತು ಕೇಳ್ತೀನಿ ಮಾವ" ಎಂದ.

"ಅಳಿ" ಎಂದೆ.

ಮುದುಕರು ತಾವಾಗಿಯೇ ಎದ್ದು ಬಂದು ಟೇಪಿನ ತುದಿ ಹಿಡಿದರು. ಅದಕ್ಕೂ ಮೊದಲು ಕಣ್ಣು ಕಿರಿದು ಮಾಡಿ ನೋಡಿ, "ನಾಪ್ಪತ್ತಂಜು ಪಾಗಂ" ಎಂದರು. ಪಾಗಂ ಎಂದರೆ ನಮ್ಮ ಮಾರು, ಚಾಚಿದ ಎರಡು ತೋಳಿನಳತೆ. ಕಡಲಿನ ಆಳವನ್ನೂ ಹಗ್ಗದ ಉದ್ದವನ್ನೂ ಅವರು ಜೀವನವಿಡೀ ಅಳೆದದ್ದು ಅದರಲ್ಲೇ. ಮೂವತ್ತಕ್ಕೊಂದು ಕಡ್ಡಿ, ಅರವತ್ತಕ್ಕೊಂದು ಕಡ್ಡಿ ನೆಟ್ಟೆವು. ಅಲೆಯೊಂದು ಗೀರಿನ ಹತ್ತಿರಕ್ಕೆ ಬಂದು ಮುಟ್ಟದೆ ಹಿಂದೆ ಹೋಯಿತು. ಕೊನೆಯ ತುಂಡು ಹದಿನೆಂಟು ಮೀಟರ್ ಅರವತ್ತು ಸೆಂಟಿಮೀಟರ್. ಒಟ್ಟು 78.60. ಮುದುಕರ ಮಾತು ಹುಡುಗನದಕ್ಕಿಂತ ಹೆಚ್ಚು ದೂರವೇನೂ ತಪ್ಪಿರಲಿಲ್ಲ.

ಹುಡುಗ ನೋಟ್‌ಬುಕ್ಕಿನಲ್ಲಿ ಸೊನ್ನೆ ಬರೆದ. ಡಿಸ್ಕಿನ ಮರಳನ್ನು ಅಂಗಿಗೆ ಒರೆಸಿಕೊಂಡು ಗೆರೆಗೆ ಹಿಂದಿರುಗಿ ಮತ್ತೆ ಎಸೆದ. ಈ ಸಲ ಡಿಸ್ಕ್ ಹೆಚ್ಚು ಕಡಿಮೆ ಅದೇ ಕಡ್ಡಿಯ ಪಕ್ಕಕ್ಕೆ ಇಳಿಯಿತು.

"ಎಪ್ಪತ್ತೈದು?"

"ಕೊಟ್ಟೆ" ಎಂದೆ.